ಹೊಟ್ಟೆಯಲ್ಲಿ ನೀರು ತುಂಬಿದ ಸಿರೋಸಿಸ್ ರೋಗಿಯಲ್ಲಿ ಪೋರ್ಟಲ್ ಹೈಪರ್‌ಟೆನ್ಷನ್ ಅಂದಾಜು: ಯಾವುದು ಮೊದಲು, ಯಾವುದು ಆಮೇಲೆ

ಹೊಟ್ಟೆ ಊದಿಕೊಂಡು ಬಂದ ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವ ರೋಗ) ರೋಗಿಯ ಫೈಲ್ ತೆರೆದರೆ ಸಾಮಾನ್ಯವಾಗಿ ಹೀಗಿರುತ್ತದೆ. ಮೊದಲ ಹಾಳೆ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಪರೀಕ್ಷೆ), ಅದರ ಕೆಳಗೆ "ರೀಡಿಂಗ್ ಸಿಗಲಿಲ್ಲ" ಅಂತ ಷರಾ. ಆಮೇಲೆ ಅಲ್ಟ್ರಾಸೌಂಡ್. ಆಮೇಲೆ ಸಿಟಿ. ಹೊಟ್ಟೆಯ ನೀರು ತೆಗೆದು ಲ್ಯಾಬ್‌ಗೆ ಕಳಿಸಿದ ಚೀಟಿ ಮಾತ್ರ ಕಾಣುವುದೇ ಇಲ್ಲ. ಇದ್ದರೂ ಸೇರಿದ ನಾಲ್ಕನೇ ದಿನದ್ದು.

ಇಲ್ಲಿ ಯಾರಿಗೂ ಪರೀಕ್ಷೆಗಳು ಗೊತ್ತಿಲ್ಲ ಅಂತಲ್ಲ. ಸಾಲು ತಲೆಕೆಳಗಾಗಿದೆ, ಅಷ್ಟೇ. ಹೌಸ್ ಸರ್ಜನ್‌ಗಳು, ಪಿಜಿಗಳು, ಇಂಥ ರೋಗಿಗಳನ್ನು ನೋಡುವ ಫಿಸಿಷಿಯನ್‌ಗಳು ಮತ್ತೆ ಮತ್ತೆ ಎಡವುವ ಜಾಗಗಳನ್ನು ಹಂತ ಹಂತವಾಗಿ ಬರೆದಿದ್ದೇನೆ. ರೋಗಿಯ ಮನೆಯವರೂ ಓದಬಹುದು, ಯಾವ ಪರೀಕ್ಷೆ ಯಾಕೆ ಅಂತ ತಿಳಿಯುತ್ತದೆ. ಆದರೆ ಇದನ್ನು ಓದಿ ಮಾತ್ರೆ ಬದಲಿಸಬೇಡಿ.

## ಶುರು ಮಾಡುವ ಮುಂಚೆ: ಪ್ರಶ್ನೆ ಸರಿಯಾಗಿದೆಯಾ?

"ಈ ರೋಗಿಗೆ ಪೋರ್ಟಲ್ ಹೈಪರ್‌ಟೆನ್ಷನ್ ಇದೆಯಾ?" ಅಂದರೆ ಕರುಳಿನಿಂದ ಲಿವರ್‌ಗೆ ರಕ್ತ ತರುವ ಪೋರ್ಟಲ್ ವೇನ್‌ನಲ್ಲಿ ಒತ್ತಡ ಏರಿದೆಯಾ, ಅಂತ ಕೇಳಿಕೊಂಡು ಹೊರಟರೆ ದಾರಿ ತಪ್ಪಿದ ಹಾಗೆ. ನೀರು ತುಂಬಿರುವುದು ಸಿರೋಸಿಸ್‌ನಿಂದಲೇ ಎಂದಾದರೆ ಒತ್ತಡ ಏರಿದೆ ಎಂಬುದು ಅಲ್ಲಿಗೇ ಗೊತ್ತಾಯಿತು. ಪೋರ್ಟಲ್ ಒತ್ತಡದ ಅಂತರ ಮಾಮೂಲಿಯಾಗಿ 5 ಎಂಎಂ ಮರ್ಕ್ಯುರಿ ದಾಟುವುದಿಲ್ಲ. 10 ಮುಟ್ಟಿದರೆ ಅದು ತೊಂದರೆ ಕೊಡುವ ಮಟ್ಟ, ಸಿರೋಸಿಸ್‌ನಲ್ಲಿ ನೀರು ತುಂಬುವುದೂ ಆ ಗೆರೆ ದಾಟಿದ ಮೇಲೆಯೇ.

ಕೇಳಬೇಕಾದ ಪ್ರಶ್ನೆಗಳು ಬೇರೆ. ಈ ನೀರು ನಿಜವಾಗಿಯೂ ಆ ಒತ್ತಡದಿಂದಲೇ ಬಂದಿದೆಯಾ? ಲಿವರ್ ಜೊತೆಗೆ ಇನ್ನೇನಾದರೂ ಒತ್ತಡ ಏರಿಸುತ್ತಿದೆಯಾ: ಪೋರ್ಟಲ್ ವೇನ್‌ನಲ್ಲಿ ಹೆಪ್ಪು, ಹೃದಯ, ಮುಚ್ಚಿಕೊಂಡ ಹೆಪಾಟಿಕ್ ವೇನ್ (ಲಿವರ್‌ನಿಂದ ರಕ್ತ ಹೊರಗೆ ಒಯ್ಯುವ ನರ)? ಅಪಾಯ ಎಷ್ಟು ಹತ್ತಿರ ಇದೆ?

ಫೈಬ್ರೋಸ್ಕ್ಯಾನ್ ವಿಷಯ ಇಲ್ಲೇ ಮುಗಿಸಿಬಿಡೋಣ. ಅದು ಕಳಿಸುವ ಅಲೆ ಚರ್ಮದಿಂದ ಲಿವರ್‌ಗೆ ಹೋಗುವ ದಾರಿಯಲ್ಲಿ ನೀರು ಸಿಕ್ಕರೆ ಅಲ್ಲೇ ನಿಂತುಹೋಗುತ್ತದೆ. ನೀವು ಬಾಯಿಪಾಠ ಮಾಡಿದ 15, 20, 25 ಕಿಲೋಪ್ಯಾಸ್ಕಲ್ ಗಡಿಗಳೆಲ್ಲ ಇನ್ನೂ ನೀರು ತುಂಬದ, ಕಾಂಪೆನ್ಸೇಟೆಡ್ ರೋಗಿಗಳಿಗೆ ಮಾಡಿದ್ದು. ಹೊಟ್ಟೆ ಊದಿದವರಿಗೆ ಅದನ್ನು ಬರೆದುಕೊಡುವುದು ಸುಮ್ನೆ ಖರ್ಚು.

## ಹಂತ 1: ಅಪಾಯದ ಚಿಹ್ನೆ ಇದ್ದರೆ ಅಳತೆ ಆಮೇಲೆ

ಒತ್ತಡ ಎಷ್ಟಿದೆ ಅಂತ ಲೆಕ್ಕ ಹಾಕುವಷ್ಟರಲ್ಲಿ ರೋಗಿ ಕೈತಪ್ಪಬಾರದು, ಅಲ್ವಾ? ಮೊದಲ ಐದು ನಿಮಿಷದಲ್ಲಿ ಇವನ್ನು ನೋಡಿ:

- ರಕ್ತವಾಂತಿ, ಡಾಂಬರಿನ ಹಾಗೆ ಕಪ್ಪು ಮಲ
- ಜ್ವರ, ಹೊಟ್ಟೆ ನೋವು, ಮುಟ್ಟಿದರೆ ನೋವು
- ಗೊಂದಲ, ಹಗಲು ನಿದ್ದೆ, ಚಾಚಿದ ಕೈ ಪಟಪಟ ಬಡಿಯುವುದು
- ಸಿಸ್ಟಾಲಿಕ್ ಬಿಪಿ 90ಕ್ಕಿಂತ ಕಡಿಮೆ
- ಮೂತ್ರ ಕಡಿಮೆಯಾಗಿದೆ, ಕ್ರಿಯಾಟಿನಿನ್ 48 ಗಂಟೆಯಲ್ಲಿ 0.3 ಅಥವಾ ಜಾಸ್ತಿ ಏರಿದೆ

ಇದರಲ್ಲಿ ಒಂದಿದ್ದರೂ ಹಿರಿಯರನ್ನು ಕರೆಯಿರಿ, ಚಿಕಿತ್ಸೆ ಶುರುವಾಗಲಿ. ಡಾಪ್ಲರ್ (ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್), ಒತ್ತಡದ ಅಳತೆ ಎಲ್ಲ ಆಮೇಲೆ. ಟ್ಯಾಪ್ (ಸೂಜಿ ಹಾಕಿ ಹೊಟ್ಟೆಯ ನೀರು ತೆಗೆಯುವುದು) ಮಾತ್ರ ಮುಂದಕ್ಕೆ ಹಾಕುವ ಹಾಗಿಲ್ಲ. ಜ್ವರ, ಗೊಂದಲ, ಕಿಡ್ನಿ ಕೆಡುವುದು, ರಕ್ತಸ್ರಾವ, ಈ ನಾಲ್ಕರ ಹಿಂದೆಯೂ ಹೊಟ್ಟೆಯ ನೀರಿನ ಸೋಂಕು ಅಡಗಿರಬಹುದು.

## ಹಂತ 2: ಮಂಚದ ಪಕ್ಕದ ಪರೀಕ್ಷೆ

ಹತ್ತು ನಿಮಿಷದ ಕೆಲಸ. ಮಗ್ಗುಲು ಬದಲಿಸಿದಾಗ ತಟ್ಟಿದ ಸದ್ದು ಬದಲಾಗಬೇಕಾದರೆ ಸುಮಾರು ಒಂದೂವರೆ ಲೀಟರ್ ನೀರು ಬೇಕು. ಹಾಗಾಗಿ ಸದ್ದು ಬದಲಾಗದಿದ್ದರೆ ನೀರಿಲ್ಲ ಅಂತ ಬರೆಯಬೇಡಿ. ಅಲ್ಟ್ರಾಸೌಂಡ್‌ಗೆ 100 ಮಿಲಿ ಲೀಟರ್ ಇದ್ದರೂ ಕಾಣುತ್ತದೆ. ಹೊಟ್ಟೆ ಬಿಗಿದಿದ್ದರೆ ಗುಲ್ಮ ಕೈಗೆ ಸಿಗುವುದಿಲ್ಲ. ನೀರು ತೆಗೆದ ಮೇಲೆ ಮತ್ತೊಮ್ಮೆ ಮುಟ್ಟಿ ನೋಡಿ.

ಹೆಚ್ಚಿನವರು ಬಿಟ್ಟುಬಿಡುವುದು ಎರಡು. ಮೊದಲನೆಯದು ಕತ್ತಿನ ನರ, ಅಂದರೆ ಜುಗುಲರ್ ವೇನ್. ರೋಗಿಯನ್ನು 45 ಡಿಗ್ರಿಗೆ ಒರಗಿಸಿ ನೋಡಿ. ಅದು ಉಬ್ಬಿ ನಿಂತಿದ್ದರೆ ತಕರಾರು ಹೃದಯದಲ್ಲೋ ಅದರ ಹೊದಿಕೆಯಲ್ಲೋ ಇರಬಹುದು. ವರ್ಷಗಟ್ಟಲೆ ಸಿರೋಸಿಸ್ ಅಂತಲೇ ಔಷಧಿ ತಿಂದು ಕೊನೆಗೆ ಕನ್‌ಸ್ಟ್ರಿಕ್ಟಿವ್ ಪೆರಿಕಾರ್ಡೈಟಿಸ್ ಎಂದು ಗೊತ್ತಾಗುವವರಿದ್ದಾರೆ.

ಎರಡನೆಯದು ಹೊಟ್ಟೆಯ ಮೇಲಿನ ನರಗಳಲ್ಲಿ ರಕ್ತ ಯಾವ ಕಡೆ ಹರಿಯುತ್ತಿದೆ ಎಂಬುದು. ಹೊಕ್ಕುಳಿನ ಕೆಳಗಿನ ಒಂದು ನರ ಹಿಡಿಯಿರಿ. ಎರಡು ಬೆರಳಿಟ್ಟು ಒತ್ತಿ, ಬೆರಳುಗಳನ್ನು ದೂರ ಸರಿಸಿ ನಡುವಿನ ರಕ್ತ ಖಾಲಿ ಮಾಡಿ. ಈಗ ಮೇಲಿನ ಬೆರಳು ಮಾತ್ರ ಎತ್ತಿ. ರಕ್ತ ಮೇಲಿನಿಂದ ಕೆಳಕ್ಕೆ ಸರ್ರನೆ ತುಂಬಿದರೆ ಪೋರ್ಟಲ್ ಹೈಪರ್‌ಟೆನ್ಷನ್‌ಗೆ ಹೊಂದುತ್ತದೆ. ತುಂಬದಿದ್ದರೆ ಇನ್ನೊಮ್ಮೆ ಖಾಲಿ ಮಾಡಿ ಕೆಳಗಿನ ಬೆರಳು ಎತ್ತಿ. ಕೆಳಗಿನಿಂದ ಮೇಲಕ್ಕೆ ತುಂಬಿದರೆ ಇನ್‌ಫೀರಿಯರ್ ವೇನಾ ಕಾವಾ (ದೇಹದ ಕೆಳಭಾಗದ ರಕ್ತವನ್ನು ಹೃದಯಕ್ಕೆ ಒಯ್ಯುವ ದೊಡ್ಡ ನರ) ಎಲ್ಲೋ ಮುಚ್ಚಿದೆ. ಬೆನ್ನಿನ ಮೇಲೂ ದಪ್ಪ ನರಗಳು ಕಂಡರೆ ಆ ಅನುಮಾನ ಇನ್ನೂ ಗಟ್ಟಿ.

## ಹಂತ 3: ಅದೇ ದಿನ ಟ್ಯಾಪ್, ಅದೇ ದಿನ ರಕ್ತ

ಇಡೀ ಸರಣಿಯಲ್ಲಿ ಇದೇ ಮುಖ್ಯ ಹಂತ. ಹೊಸದಾಗಿ ನೀರು ತುಂಬಿದ ಪ್ರತಿಯೊಬ್ಬರಿಗೂ, ನೀರಿರುವ ಸಿರೋಸಿಸ್ ರೋಗಿ ಆಸ್ಪತ್ರೆಗೆ ತುರ್ತಾಗಿ ಸೇರಿದ ಪ್ರತಿ ಸಲವೂ ಟ್ಯಾಪ್ ಮಾಡಬೇಕು. 24 ಗಂಟೆಯೊಳಗೆ, ಆದಷ್ಟು ಬೇಗ.

ಬೇಕಾದ್ದು: 22 ಗೇಜ್ ಸೂಜಿ (ದಪ್ಪ ಹೊಟ್ಟೆಗೆ ಉದ್ದನೆಯದು), 20 ಅಥವಾ 50 ಮಿಲಿ ಸಿರಿಂಜ್, ಲಿಗ್ನೋಕೇನ್, ಇಡಿಟಿಎ ಟ್ಯೂಬ್, ಪ್ಲೇನ್ ಟ್ಯೂಬ್, ಒಂದು ಜೋಡಿ ಬ್ಲಡ್ ಕಲ್ಚರ್ ಬಾಟಲಿ. ಜೊತೆಗೆ ರೋಗಿಯ ತೋಳಿನಿಂದ ರಕ್ತ ತೆಗೆಯಲು ಇನ್ನೊಂದು ಟ್ಯೂಬ್. ಇದನ್ನೇ ಎಲ್ಲರೂ ಮರೆಯುವುದು.

ಜಾಗ: ಎಡಗಡೆ, ಸೊಂಟದ ಮೂಳೆಯ ಮುಂದಿನ ತುದಿಯಿಂದ ಎರಡು ಬೆರಳು ಮೇಲೆ, ಎರಡು ಬೆರಳು ಒಳಗೆ. ಹಳೆ ಆಪರೇಷನ್ ಗಾಯದ ಹತ್ತಿರ, ಕಣ್ಣಿಗೆ ಕಾಣುವ ನರದ ಮೇಲೆ, ರೆಕ್ಟಸ್ ಸ್ನಾಯುವಿನ ಅಂಚಿನಲ್ಲಿ ಚುಚ್ಚಬೇಡಿ. ಆ ಸ್ನಾಯುವಿನ ಹಿಂದೆ ಎಪಿಗ್ಯಾಸ್ಟ್ರಿಕ್ ಆರ್ಟರಿ ಓಡುತ್ತದೆ. ಅಲ್ಟ್ರಾಸೌಂಡ್ ಕೈಗೆ ಸಿಗುವುದಾದರೆ ಅದನ್ನು ಇಟ್ಟು ನೋಡಿಯೇ ಚುಚ್ಚಿ.

1. ಚರ್ಮವನ್ನು ಸ್ವಲ್ಪ ಕೆಳಕ್ಕೆ ಎಳೆದು ಹಿಡಿದು ಸೂಜಿ ಹಾಕಿ. ಬಿಟ್ಟಾಗ ಚರ್ಮದ ತೂತು, ಒಳಗಿನ ತೂತು ಒಂದೇ ಸಾಲಿಗೆ ಬರುವುದಿಲ್ಲ, ನೀರು ಸೋರುವುದು ಕಡಿಮೆ.
2. 30 ಮಿಲಿಯಷ್ಟು ತೆಗೆಯಿರಿ.
3. ಸೂಜಿ ಬದಲಿಸಿ, ಮಂಚದ ಪಕ್ಕದಲ್ಲೇ ಕಲ್ಚರ್ ಬಾಟಲಿಗಳಿಗೆ ತಲಾ 10 ಮಿಲಿ ಹಾಕಿ. ಲ್ಯಾಬ್‌ಗೆ ಕಳಿಸಿ ಅವರು ಹಾಕಲಿ ಅಂದರೆ ಬ್ಯಾಕ್ಟೀರಿಯಾ ಸಿಗುವ ಸಾಧ್ಯತೆ ಇಳಿಯುತ್ತದೆ.
4. ಸೆಲ್ ಕೌಂಟ್‌ಗೆ ಇಡಿಟಿಎ. ಪ್ಲೇನ್ ಟ್ಯೂಬ್‌ನಲ್ಲಿ ಹಾಕಿದರೆ ನೀರು ಹೆಪ್ಪುಗಟ್ಟಿ ಎಣಿಕೆ ತಪ್ಪಬಹುದು.
5. ಆಲ್ಬುಮಿನ್ ಮತ್ತು ಒಟ್ಟು ಪ್ರೋಟೀನ್‌ಗೆ ಪ್ಲೇನ್ ಟ್ಯೂಬ್.
6. ಕೈಗವಸು ತೆಗೆಯುವ ಮೊದಲೇ ಸೀರಮ್ ಆಲ್ಬುಮಿನ್‌ಗೆ ರಕ್ತ ತೆಗೆದಾಗಿದೆಯಾ ಅಂತ ನರ್ಸ್ ಹತ್ತಿರ ಕೇಳಿ.

"ಐಎನ್‌ಆರ್ 2 ಇದೆ, ಪ್ಲಾಸ್ಮಾ ಕೊಟ್ಟು ಆಮೇಲೆ ಟ್ಯಾಪ್ ಮಾಡೋಣ" ಎಂಬ ಮಾತು ಇನ್ನೂ ಕೇಳಿಬರುತ್ತದೆ. ಬೇಡ. ಸಿರೋಸಿಸ್‌ನಲ್ಲಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಎಂಬುದರ ಅಂಕಿ) ನೋಡಿ ರಕ್ತಸ್ರಾವ ಊಹಿಸಲು ಆಗುವುದಿಲ್ಲ, ಟ್ಯಾಪ್‌ಗೆ ಮುಂಚೆ ಪ್ಲಾಸ್ಮಾ, ಪ್ಲೇಟ್‌ಲೆಟ್ ರೂಢಿಯಾಗಿ ಕೊಡಬೇಕಿಲ್ಲ. ಡಿಐಸಿ (ದೇಹದೆಲ್ಲೆಡೆ ಹೆಪ್ಪುಗಟ್ಟುವ ವ್ಯವಸ್ಥೆ ಕೆಡುವ ಸ್ಥಿತಿ) ಇದ್ದರೆ, ಚುಚ್ಚಿದ ಕಡೆಯೆಲ್ಲ ರಕ್ತ ಜಿನುಗುತ್ತಿದ್ದರೆ ಮಾತ್ರ ನಿಲ್ಲಿ.

ಮೊದಲು ಬರುವ ರಿಪೋರ್ಟ್ ಸೆಲ್ ಕೌಂಟ್. ಒಟ್ಟು ಸಂಖ್ಯೆ ನೋಡಿ ಸುಮ್ಮನಾಗಬೇಡಿ, ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣ) ಎಷ್ಟು ಅಂತ ಗುಣಿಸಿ. ಒಟ್ಟು 800, ನ್ಯೂಟ್ರೋಫಿಲ್ ಶೇ 40 ಎಂದರೆ 320. ನೀರಿನಲ್ಲಿ ರಕ್ತ ಬೆರೆತಿದ್ದರೆ ಪ್ರತಿ 250 ಕೆಂಪು ಕಣಕ್ಕೆ ಒಂದು ನ್ಯೂಟ್ರೋಫಿಲ್ ಕಳೆಯಿರಿ. ಕೆಂಪು ಕಣ 10,000 ಇದ್ದರೆ 40 ಹೋಯಿತು, ಉಳಿದದ್ದು 280. 250 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸೋಂಕು ಅಂತಲೇ ತಿಳಿದು ಆಂಟಿಬಯೋಟಿಕ್ ಶುರು ಮಾಡಿ. ಕಲ್ಚರ್‌ಗೆ ಕಾಯಬೇಡಿ.

## ಹಂತ 4: ಸಾಗ್ ಲೆಕ್ಕ

ಸೀರಮ್ ಆಲ್ಬುಮಿನ್‌ನಿಂದ ನೀರಿನ ಆಲ್ಬುಮಿನ್ ಕಳೆದರೆ ಬರುವುದು ಎಸ್‌ಎಎಜಿ. ವಾರ್ಡ್ ಮಾತಿನಲ್ಲಿ ಸಾಗ್. ಕಳೆಯುವುದು, ಭಾಗಿಸುವುದಲ್ಲ. ನಗಬೇಡಿ, ಭಾಗಿಸಿದ್ದನ್ನು ಕೇಸ್ ಶೀಟ್‌ನಲ್ಲಿ ಕಣ್ಣಾರೆ ನೋಡಿದ್ದೇನೆ.

1.1 ಅಥವಾ ಜಾಸ್ತಿ ಇದ್ದರೆ ನೀರಿನ ಹಿಂದೆ ಪೋರ್ಟಲ್ ಹೈಪರ್‌ಟೆನ್ಷನ್ ಇದೆ. ಇದು ಸುಮಾರು ಶೇ 97ರಷ್ಟು ಸರಿ ಹೇಳುತ್ತದೆ. ಒಳಗಿನ ಲೆಕ್ಕ ಸರಳ: ಸೈನುಸಾಯ್ಡ್‌ಗಳಲ್ಲಿ (ಲಿವರ್ ಒಳಗಿನ ಅತಿ ಸಣ್ಣ ರಕ್ತನಾಳಗಳು) ಒತ್ತಡ ಏರಿದಷ್ಟೂ ನೀರು ಹೊರಕ್ಕೆ ತಳ್ಳಲ್ಪಡುತ್ತದೆ. ಅದನ್ನು ಸರಿದೂಗಿಸಲು ರಕ್ತಕ್ಕೂ ನೀರಿಗೂ ಆಲ್ಬುಮಿನ್ ಅಂತರ ಹಿಗ್ಗುತ್ತದೆ.

ಒಂದು ಪ್ರಸಂಗ. ನಾನು ಪಿಜಿ ಆಗಿದ್ದಾಗ ಒಬ್ಬ ರೋಗಿಯ ನೀರಿನ ಆಲ್ಬುಮಿನ್ 1.3 ಬಂತು. ಸೀರಮ್ ಆಲ್ಬುಮಿನ್‌ಗೆ ಹೊಸದಾಗಿ ರಕ್ತ ಕಳಿಸದೆ ಐದು ದಿನ ಹಿಂದಿನ 2.1 ಹಿಡಿದು ಕಳೆದೆ. 0.8. ಟಿಬಿ ಇರಬೇಕು, ಕ್ಯಾನ್ಸರ್ ಇರಬೇಕು ಅಂತ ಎರಡು ದಿನ ಓಡಾಡಿದ್ದಾಯಿತು. ಆಮೇಲೆ ಯೂನಿಟ್ ಮುಖ್ಯಸ್ಥರು ಡ್ರಗ್ ಚಾರ್ಟ್ ತಿರುವಿ ಬೆರಳಿಟ್ಟು ತೋರಿಸಿದರು: ಆ ಐದು ದಿನದ ನಡುವೆ ನಾಲ್ಕು ಬಾಟಲಿ ಆಲ್ಬುಮಿನ್ ಹೋಗಿತ್ತು. ಟ್ಯಾಪ್ ದಿನ ಬೇರೆ ಪರೀಕ್ಷೆಗೆ ತೆಗೆದಿದ್ದ ಸೀರಮ್ ಲ್ಯಾಬ್ ಫ್ರಿಜ್‌ನಲ್ಲಿತ್ತು. ಅದರಲ್ಲಿ ಆಲ್ಬುಮಿನ್ 2.9. ಸಾಗ್ 1.6. ಅಲ್ಲಿಗೆ ಟಿಬಿ, ಕ್ಯಾನ್ಸರ್ ಅಂತ ಓಡಾಡಿದ್ದು ನಿಂತಿತು. ಅವತ್ತಿನಿಂದ ಎರಡೂ ಟ್ಯೂಬ್‌ಗಳ ಮೇಲೆ ಒಂದೇ ಸಮಯ ಬರೆದು ಒಂದೇ ಕವರ್‌ನಲ್ಲಿ ಕಳಿಸುತ್ತೇನೆ.

ಸಾಗ್ ಮೋಸ ಮಾಡುವ ಬೇರೆ ಸಂದರ್ಭಗಳೂ ಇವೆ. ಸೀರಮ್ ಆಲ್ಬುಮಿನ್ 1.1ಕ್ಕಿಂತ ಕಡಿಮೆ ಇದ್ದರೆ ಅಂತರ 1.1 ಬರಲು ಸಾಧ್ಯವೇ ಇಲ್ಲ, ಲೆಕ್ಕ ಹಾಕಬೇಡಿ. ಬಿಪಿ ಬಿದ್ದಾಗ ತೆಗೆದ ಮಾದರಿಯಲ್ಲಿ ಸಾಗ್ ಸುಳ್ಳಾಗಿ ಇಳಿಯಬಹುದು. ನೀರು ಹಾಲಿನ ಹಾಗಿದ್ದರೆ ಕೊಬ್ಬಿನಿಂದ ಸುಳ್ಳಾಗಿ ಏರಬಹುದು. ಸೀರಮ್ ಗ್ಲಾಬ್ಯುಲಿನ್ 5 ದಾಟಿದ್ದರೆ ತಿದ್ದುಪಡಿ ಬೇಕು: ಗ್ಲಾಬ್ಯುಲಿನ್‌ಗೆ 2.5 ಕೂಡಿಸಿ, 0.16ರಿಂದ ಗುಣಿಸಿ, ಬಂದದ್ದನ್ನು ಸಾಗ್‌ಗೆ ಗುಣಿಸಿ. ಸಾಗ್ 1.0, ಗ್ಲಾಬ್ಯುಲಿನ್ 5.5 ಇದ್ದರೆ ತಿದ್ದಿದ ಸಾಗ್ 1.28. ಗೆರೆಯ ಆಚೆಗಿದ್ದದ್ದು ಈಚೆಗೆ ಬಂತು ನೋಡಿ.

ಇನ್ನು ಸಾಗ್ 1.1 ದಾಟಿತು ಅಂದ ಮಾತ್ರಕ್ಕೆ ತಪ್ಪು ಲಿವರ್‌ದೇ ಅಂತಲ್ಲ. ಹಾರ್ಟ್ ಫೇಲ್ಯೂರ್‌ನಲ್ಲೂ, ಬಡ್-ಕಿಯಾರಿಯಲ್ಲೂ (ಹೆಪಾಟಿಕ್ ವೇನ್ ಮುಚ್ಚಿಕೊಳ್ಳುವ ರೋಗ) ದಾಟುತ್ತದೆ. ಅಲ್ಲಿ ನೀರಿನ ಪ್ರೋಟೀನ್ ನೋಡಬೇಕು. 2.5ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಸಿರೋಸಿಸ್. ಅದಕ್ಕಿಂತ ಜಾಸ್ತಿ ಇದ್ದರೆ ಹೃದಯ, ಹೆಪಾಟಿಕ್ ವೇನ್ ಕಡೆ ತಿರುಗಿ, ಎಕೋ ಮಾಡಿಸಿ. 1.5ಕ್ಕಿಂತ ಕಡಿಮೆ ಇದ್ದವರಿಗೆ ಮುಂದೆ ಸೋಂಕು ತಗಲುವ ಅಪಾಯ ಜಾಸ್ತಿ.

ಸಿರೋಸಿಸ್ ಜೊತೆಗೇ ಹೊಟ್ಟೆಯ ಟಿಬಿ ಇದ್ದರೆ? ಆಗಲೂ ಸಾಗ್ 1.1ರ ಮೇಲೆಯೇ ಇರುತ್ತದೆ, ಯಾಕೆಂದರೆ ಒತ್ತಡ ಎಲ್ಲೂ ಹೋಗಿಲ್ಲ. ಲಿಂಫೋಸೈಟ್ ಜಾಸ್ತಿ ಇದ್ದು ಜ್ವರ ಬಿಡದಿದ್ದರೆ ಎಡಿಎ (ನೀರಿನಲ್ಲಿ ಟಿಬಿಯ ಸುಳಿವು ಕೊಡುವ ಪರೀಕ್ಷೆ) ಕಳಿಸಿ.

## ಹಂತ 5: ಡಾಪ್ಲರ್

ಬರೀ "ಅಲ್ಟ್ರಾಸೌಂಡ್ ಅಬ್ಡೊಮೆನ್" ಅಂತ ಬರೆದು ಕಳಿಸಿದರೆ "ಒರಟು ಲಿವರ್, ಗುಲ್ಮ ದೊಡ್ಡದು, ನೀರು ಇದೆ" ಅಂತ ವಾಪಸ್ ಬರುತ್ತದೆ. ಅದು ನಿಮಗೆ ಮೊದಲೇ ಗೊತ್ತಿತ್ತು. ಚೀಟಿಯಲ್ಲಿ ಪ್ರಶ್ನೆ ಬರೆಯಿರಿ: ಪೋರ್ಟಲ್ ವೇನ್‌ನಲ್ಲಿ ಹೆಪ್ಪು ಇದೆಯಾ, ರಕ್ತ ಯಾವ ಕಡೆ ಹರಿಯುತ್ತಿದೆ, ಮೂರು ಹೆಪಾಟಿಕ್ ವೇನ್‌ಗಳೂ ತೆರೆದಿವೆಯಾ, ಲಿವರ್‌ನಲ್ಲಿ ಗಡ್ಡೆ ಇದೆಯಾ.

ರೋಗಿ ಕನಿಷ್ಠ 4ರಿಂದ 6 ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು. ಊಟವಾದ ಮೇಲೆ ಪೋರ್ಟಲ್ ರಕ್ತದ ಹರಿವು ಏರಿ ವೇಗದ ಅಂಕಿ ಕೆಡುತ್ತದೆ. ಡಾಪ್ಲರ್ ಕೋನ 60 ಡಿಗ್ರಿ ಮೀರಬಾರದು. ಹೊಟ್ಟೆ ತುಂಬ ಬಿಗಿದಿದ್ದರೆ ಸ್ವಲ್ಪ ನೀರು ತೆಗೆದ ಮೇಲೆ ಕಳಿಸಿ.

ಪೋರ್ಟಲ್ ವೇನ್ 13 ಮಿ.ಮೀ.ಗಿಂತ ಅಗಲ, ವೇಗ ಸೆಕೆಂಡಿಗೆ 16 ಸೆಂ.ಮೀ.ಗಿಂತ ಕಡಿಮೆ, ಗುಲ್ಮ 13 ಸೆಂ.ಮೀ.ಗಿಂತ ಉದ್ದ, ಇವೆಲ್ಲ ಒತ್ತಡದ ಕಡೆ ಬೆರಳು ತೋರಿಸುತ್ತವೆ ಅಷ್ಟೇ. ಇವು ಮಾಮೂಲಿ ಇದ್ದರೆ ಒತ್ತಡ ಇಲ್ಲ ಅಂತಲ್ಲ. ರಕ್ತ ಲಿವರ್‌ನಿಂದ ಹಿಂದಕ್ಕೆ ಹರಿಯುತ್ತಿದ್ದರೆ, ಅಥವಾ ಹೊಕ್ಕುಳಿನ ಕಡೆಯ ಹಳೆ ನರ ಮತ್ತೆ ತೆರೆದುಕೊಂಡಿದ್ದರೆ ಸಂಶಯಕ್ಕೆ ಜಾಗವೇ ಇಲ್ಲ. ತಮಾಷೆ ಏನೆಂದರೆ, ಆ ನರ ದೊಡ್ಡದಾಗಿ ತೆರೆದವರಲ್ಲಿ ಪೋರ್ಟಲ್ ವೇನ್ ವೇಗ ಚೆನ್ನಾಗಿಯೇ ಕಾಣುತ್ತದೆ.

ಹೆಪ್ಪು ಸಿಕ್ಕರೆ ಅದು ಬರೀ ರಕ್ತದ್ದೋ, ಲಿವರ್ ಕ್ಯಾನ್ಸರ್ ಒಳಗೆ ಹಬ್ಬಿದ್ದೋ ಅಂತ ಕಾಂಟ್ರಾಸ್ಟ್ ಸಿಟಿ ಅಥವಾ ಎಂಆರ್‌ಐ ಹೇಳಬೇಕು. ಕಾಂಟ್ರಾಸ್ಟ್ ಕೊಡುವ ಮುಂಚೆ ಕ್ರಿಯಾಟಿನಿನ್ ನೋಡಿಕೊಳ್ಳಿ.

## ಹಂತ 6: ಎಂಡೋಸ್ಕೋಪಿ

ಬೀಟಾ ಬ್ಲಾಕರ್ (ಪೋರ್ಟಲ್ ಒತ್ತಡ ಇಳಿಸುವ ಮಾತ್ರೆ) ತೆಗೆದುಕೊಳ್ಳದ ರೋಗಿಗಳಿಗೆ ಇದು ಬೇಕೇ ಬೇಕು. ಬಿಪಿ ಕಡಿಮೆ ಇದ್ದೋ ಕಿಡ್ನಿ ಕೆಟ್ಟೋ ಬೀಟಾ ಬ್ಲಾಕರ್ ಕೊಡಲಾಗದವರಲ್ಲಿ ಇನ್ನೂ ಮುಖ್ಯ, ಯಾಕೆಂದರೆ ಅವರಿಗೆ ಉಳಿದಿರುವುದು ಬ್ಯಾಂಡಿಂಗ್ (ಅನ್ನನಾಳದಲ್ಲಿ ಉಬ್ಬಿದ ನರಗಳಿಗೆ, ಅಂದರೆ ವೇರಿಸಿಸ್‌ಗೆ, ರಬ್ಬರ್ ಬಳೆ ಹಾಕುವುದು) ಒಂದೇ.

ರಿಪೋರ್ಟ್‌ನಲ್ಲಿ "ವೇರಿಸಿಸ್ ಇದೆ" ಎಂಬ ಎರಡು ಪದ ಸಾಲದು. 5 ಮಿ.ಮೀ.ಗಿಂತ ದೊಡ್ಡದಾ ಚಿಕ್ಕದಾ, ಮೇಲೆ ಕೆಂಪು ಗೆರೆಗಳಿವೆಯಾ, ಜಠರದೊಳಗೂ ಇವೆಯಾ, ಇದ್ದರೆ ಸರಿನ್ ವರ್ಗೀಕರಣದಲ್ಲಿ ಯಾವುದು, ಅಷ್ಟೂ ಇರಬೇಕು. ವೇರಿಸಿಸ್ ಇಲ್ಲ ಅಂದ ಮಾತ್ರಕ್ಕೆ ಪೋರ್ಟಲ್ ಹೈಪರ್‌ಟೆನ್ಷನ್ ಇಲ್ಲ ಅಂತ ಬರೆಯಬೇಡಿ. ಒತ್ತಡ ಬೇರೆ ದಾರಿ ಹುಡುಕಿಕೊಂಡಿರಬಹುದು.

## ಹಂತ 7: ಎಚ್‌ವಿಪಿಜಿ, ಬೇಕಾದವರಿಗೆ ಮಾತ್ರ

ಹೆಪಾಟಿಕ್ ವೇನ್‌ಗೆ ಕ್ಯಾಥೆಟರ್ ಇಳಿಸಿ ಅಳೆಯುವ ಒತ್ತಡದ ಅಂತರವೇ ಎಚ್‌ವಿಪಿಜಿ. ಒತ್ತಡವನ್ನು ನಿಜವಾಗಿ ಅಂಕಿಯಲ್ಲಿ ಹೇಳುವುದು ಇದೊಂದೇ. ಆದರೆ ನೀರು ತುಂಬಿದ ಪ್ರತಿಯೊಬ್ಬರಿಗೂ ಬೇಕಿಲ್ಲ. ಕಾರಣ ಗೊಂದಲವಾಗಿದ್ದರೆ, ಜುಗುಲರ್ ಮೂಲಕ ಬಯಾಪ್ಸಿ ಹೇಗೂ ಮಾಡುತ್ತಿದ್ದರೆ, ಔಷಧಿಗೆ ಒತ್ತಡ ಇಳಿದಿದೆಯಾ ಅಂತ ತಿಳಿಯಬೇಕಿದ್ದರೆ ಮಾಡಿಸಿ.

1. ಅಂಗಾತ ಮಲಗಿಸಿ, ಟ್ರಾನ್ಸ್‌ಡ್ಯೂಸರ್ ಅನ್ನು ಕಂಕುಳಿನ ನಡುಗೆರೆಯ ಮಟ್ಟಕ್ಕೆ ಸೊನ್ನೆ ಮಾಡಿ. 13.6 ಸೆಂ.ಮೀ. ನೀರಿನ ಕಂಬಕ್ಕೆ 10 ಎಂಎಂ ತೋರಿಸಬೇಕು. ಇಲ್ಲದಿದ್ದರೆ ಮೊದಲು ಯಂತ್ರ ಸರಿ ಮಾಡಿ.
2. ನಿದ್ದೆ ಬರಿಸುವ ಔಷಧಿ ಜಾಸ್ತಿ ಬೇಡ. ಮಿಡಜೋಲಮ್ ಕೆಜಿಗೆ 0.02 ಮಿ.ಗ್ರಾಂ.ವರೆಗೆ ಅಂಕಿ ಕೆಡಿಸುವುದಿಲ್ಲ. ಗೊರಕೆ ಹೊಡೆಯುವಷ್ಟು ಮಲಗಿಸಿದರೆ ಉಸಿರಿನ ಜೊತೆ ಗೆರೆ ಕುಣಿಯುತ್ತದೆ.
3. ಬಲಗಡೆಯ ಜುಗುಲರ್‌ನಿಂದ ಬಲೂನ್ ಕ್ಯಾಥೆಟರ್ ಇಳಿಸಿ ಹೆಪಾಟಿಕ್ ವೇನ್ ಸೇರಿ. ವೇನಾ ಕಾವಾಗೆ ಸೇರುವ ಜಾಗದಿಂದ 2-3 ಸೆಂ.ಮೀ. ಒಳಗೆ ಫ್ರೀ ಒತ್ತಡ (ನರ ಮುಚ್ಚದೆ ಅಳೆದದ್ದು) ಅಳೆಯಿರಿ.
4. ಬಲೂನ್ ಊದಿಸಿ ನರ ಮುಚ್ಚಿ ವೆಜ್ ಒತ್ತಡ ಅಳೆಯಿರಿ. ಗೆರೆ ಸಮತಟ್ಟಾಗಿ ನಿಲ್ಲುವವರೆಗೆ ಕಾಯಿರಿ, ಒಂದು ನಿಮಿಷವಾದರೂ.
5. ಸ್ವಲ್ಪ ಕಾಂಟ್ರಾಸ್ಟ್ ಬಿಟ್ಟು ನೋಡಿ. ಅದು ಅಲ್ಲೇ ನಿಲ್ಲಬೇಕು. ಬಲೂನ್ ಪಕ್ಕದಿಂದ ಜಾರಿದರೆ, ಅಥವಾ ಬೇರೆ ಹೆಪಾಟಿಕ್ ವೇನ್‌ಗೆ ಓಡಿದರೆ ಆ ವೆಜ್ ಅಂಕಿ ಸುಳ್ಳು, ನಿಜಕ್ಕಿಂತ ಕಡಿಮೆ.
6. ಹೀಗೆ ಮೂರು ಸಲ. ಒಂದಕ್ಕೊಂದು 1 ಎಂಎಂಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮತ್ತೆ ಮಾಡಿ.
7. ವೇನಾ ಕಾವಾ ಮತ್ತು ಬಲ ಏಟ್ರಿಯಂ (ಹೃದಯದ ಬಲಗಡೆಯ ಮೇಲಿನ ಕೋಣೆ) ಒತ್ತಡ ಬರೆದುಕೊಳ್ಳಿ. ಫ್ರೀ ಒತ್ತಡಕ್ಕೂ ವೇನಾ ಕಾವಾ ಒತ್ತಡಕ್ಕೂ 2 ಎಂಎಂಗಿಂತ ಜಾಸ್ತಿ ಅಂತರ ಇದ್ದರೆ ಕ್ಯಾಥೆಟರ್ ತಪ್ಪು ಜಾಗದಲ್ಲಿದೆ, ಇಲ್ಲವೇ ಹೆಪಾಟಿಕ್ ವೇನ್ ಕಿರಿದಾಗಿದೆ.

ವೆಜ್‌ನಿಂದ ಫ್ರೀ ಕಳೆದರೆ ಎಚ್‌ವಿಪಿಜಿ. ನೀರು ತುಂಬಿದವರಲ್ಲಿ ದೊಡ್ಡ ತಪ್ಪು ಆಗುವುದು ಈ ಕಳೆಯುವ ಜಾಗದಲ್ಲೇ. ಉದಾಹರಣೆಗೆ ಹೊಟ್ಟೆ ಬಿಗಿದಿರುವ ಒಬ್ಬರಲ್ಲಿ ವೆಜ್ 34, ಫ್ರೀ 16, ವೇನಾ ಕಾವಾ 15, ಬಲ ಏಟ್ರಿಯಂ 6 ಎಂದಿಟ್ಟುಕೊಳ್ಳಿ. ಸರಿ ಉತ್ತರ 18. ಏಟ್ರಿಯಂ ಅಂಕಿ ಹಿಡಿದು ಕಳೆದರೆ 28 ಬರುತ್ತದೆ. ಆ ಹೆಚ್ಚುವರಿ 10 ಲಿವರ್‌ದಲ್ಲ, ಹೊಟ್ಟೆಯ ನೀರು ಹೊರಗಿನಿಂದ ಒತ್ತುತ್ತಿರುವುದು. ನೀರಿನ ಭಾರ ವೆಜ್, ಫ್ರೀ ಎರಡನ್ನೂ ಮೇಲೆತ್ತುತ್ತದೆ, ಕಳೆದಾಗ ಹೋಗಿಬಿಡುತ್ತದೆ. ಏಟ್ರಿಯಂ ಎದೆಯೊಳಗಿದೆ, ಅದಕ್ಕೆ ಆ ಭಾರ ಅಷ್ಟಾಗಿ ತಾಗುವುದಿಲ್ಲ.

ಅಂಕಿ ಓದುವುದು ಹೀಗೆ: 10ರಿಂದ ಮೇಲೆ ತೊಂದರೆಯ ಮಟ್ಟ, 12ರಿಂದ ಮೇಲೆ ವೇರಿಸಿಸ್ ಒಡೆಯುವ ಅಪಾಯ, 16ರಿಂದ ಮೇಲೆ ಸಾವಿನ ಅಪಾಯ ಏರುತ್ತದೆ. ರಕ್ತಸ್ರಾವ ಆಗುತ್ತಿರುವವರಲ್ಲಿ 20 ಅಥವಾ ಜಾಸ್ತಿ ಇದ್ದರೆ ಮಾಮೂಲಿ ಚಿಕಿತ್ಸೆಗೆ ಅದು ನಿಲ್ಲದೇ ಹೋಗಬಹುದು. ಔಷಧಿ ಕೊಟ್ಟ ಮೇಲೆ 12ಕ್ಕಿಂತ ಕೆಳಗೆ ಬಂದರೆ, ಅಥವಾ ಶೇ 20ರಷ್ಟು ಇಳಿದರೆ ಒಳ್ಳೆಯ ಸೂಚನೆ.

ಗುಲ್ಮ ದೊಡ್ಡದು, ವೇರಿಸಿಸ್ ದೊಡ್ಡದು, ಆದರೆ ಎಚ್‌ವಿಪಿಜಿ 7 ಬಂತು. ಆಗ ಅಡ್ಡಿ ಸೈನುಸಾಯ್ಡ್‌ಗಿಂತ ಮುಂಚೆಯೇ ಇರಬಹುದು: ಪೋರ್ಟಲ್ ವೇನ್ ಹೆಪ್ಪು, ಸಿಸ್ಟೊಸೋಮಿಯಾಸಿಸ್, ಸಿರೋಸಿಸ್ ಇಲ್ಲದ ಪೋರ್ಟಲ್ ಫೈಬ್ರೋಸಿಸ್. ಈ ಕ್ಯಾಥೆಟರ್ ಅಲ್ಲಿಯ ಒತ್ತಡ ನೋಡಲಾರದು. ಡಾಪ್ಲರ್‌ಗೆ ವಾಪಸ್ ಹೋಗಿ, ಬಯಾಪ್ಸಿ ಯೋಚಿಸಿ.

## ಹಂತ 8: ಬರೆದಿಡುವುದು, ಮತ್ತೆ ನೋಡುವುದು

ಕೇಸ್ ಶೀಟ್‌ನಲ್ಲಿ ಒಂದೇ ಕಡೆ ಬರೆಯಿರಿ: "ಸಾಗ್ 1.6 (ಒಂದೇ ದಿನದ ಮಾದರಿ), ನೀರಿನ ಪ್ರೋಟೀನ್ 1.2, ನ್ಯೂಟ್ರೋಫಿಲ್ 60. ಪೋರ್ಟಲ್ ವೇನ್, ಹೆಪಾಟಿಕ್ ವೇನ್ ತೆರೆದಿವೆ, ಗಡ್ಡೆ ಇಲ್ಲ. ದೊಡ್ಡ ವೇರಿಸಿಸ್, ಕೆಂಪು ಗೆರೆ ಇದೆ. ಬಿಪಿ 104, ಸೋಡಿಯಂ 131, ಕ್ರಿಯಾಟಿನಿನ್ 0.9." ಚಿಕಿತ್ಸೆ ಯಾವುದು ಅಂತ ತೀರ್ಮಾನಿಸುವವರಿಗೆ ಇದರಲ್ಲಿ ಎಲ್ಲವೂ ಇದೆ. ಬಿಪಿ, ಸೋಡಿಯಂ, ಕ್ರಿಯಾಟಿನಿನ್ ಯಾಕೆ ಅಂದರೆ, ಬೀಟಾ ಬ್ಲಾಕರ್ ಕೊಡಬಹುದಾ ಅಂತ ಹೇಳುವುದು ಅವೇ. ಸಿಸ್ಟಾಲಿಕ್ 90ಕ್ಕಿಂತ ಕೆಳಗೆ, ಸೋಡಿಯಂ 130ಕ್ಕಿಂತ ಕೆಳಗೆ, ಅಥವಾ ಕಿಡ್ನಿ ಕೆಡುತ್ತಿದೆ ಅಂದರೆ ತಡೆಹಿಡಿಯಬೇಕಾಗುತ್ತದೆ.

5 ಲೀಟರ್‌ಗಿಂತ ಜಾಸ್ತಿ ನೀರು ತೆಗೆದರೆ ಪ್ರತಿ ಲೀಟರ್‌ಗೆ 6ರಿಂದ 8 ಗ್ರಾಂ ಆಲ್ಬುಮಿನ್ ಕೊಡಿ. ಅದಾದ ಮೇಲೆ ತೆಗೆದ ರಕ್ತದಿಂದ ಸಾಗ್ ಲೆಕ್ಕ ಹಾಕಬೇಡಿ.

ಹತೋಟಿಯಲ್ಲಿದ್ದ ನೀರು ಕಾರಣವಿಲ್ಲದೆ ಏರತೊಡಗಿದರೆ ಬರೀ ಮಾತ್ರೆ ಏರಿಸಿ ಕಳಿಸಬೇಡಿ. ಉಪ್ಪು ಜಾಸ್ತಿಯಾಯಿತಾ, ನೋವಿನ ಮಾತ್ರೆ ನುಂಗಿದರಾ ಅಂತ ಕೇಳಿ. ಅದಲ್ಲದಿದ್ದರೆ ಮತ್ತೆ ಟ್ಯಾಪ್, ಮತ್ತೆ ಡಾಪ್ಲರ್, ಜೊತೆಗೆ ಆಲ್ಫಾ ಫೀಟೋಪ್ರೋಟೀನ್ (ಲಿವರ್ ಕ್ಯಾನ್ಸರ್ ಸುಳಿವು ಕೊಡುವ ರಕ್ತ ಪರೀಕ್ಷೆ). ಹೊಸ ಹೆಪ್ಪು, ಹೊಸ ಗಡ್ಡೆ ಸಿಕ್ಕಿಬೀಳುವುದು ಹೆಚ್ಚಾಗಿ ಈ ಎರಡನೇ ಸುತ್ತಿನಲ್ಲೇ.